ಗಿಡ ತುಳೀದೆ ಹೂವಿನ ಫೋಟೋ ತೆಗೀಬಹುದು

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಮರುಭೂಮಿ ತುಂಬಾ ಹೂ ಬಿಟ್ಟಿರೋ ಫೋಟೋಗಳು ಬಂದಿದ್ವು, ತುಂಬಾ ಖುಷಿ ಆಯ್ತು, ಆದ್ರೆ ಅದರಲ್ಲೇ ಒಂದರಲ್ಲಿ ಹೂವಿನ ಮೇಲೇ ಕೂತು ಪೋಸ್ ಕೊಟ್ಟಿದ್ದು ನೋಡಿ ಹೊಟ್ಟೆ ಉರೀತು, ಅದಕ್ಕೇ ಬರೀತಿದೀನಿ. ನಂದು ಚಿಕ್ಕಮಗಳೂರಲ್ಲಿ ಸ್ಟುಡಿಯೋ. ಮದುವೆ ಫೋಟೋ ಹೊಟ್ಟೆಪಾಡಿಗೆ, ಹೂವಿನ ಫೋಟೋ ಮನಸ್ಸಿಗೆ.

2019ರ ಮಾರ್ಚಲ್ಲಿ ಮಗಳ ಮನೆಗೆ ಕ್ಯಾಲಿಫೋರ್ನಿಯಾಗೆ ಹೋದಾಗ ಆಂಜಾ-ಬೊರೆಗೋ ಮರುಭೂಮಿಗೆ ಕರ್ಕೊಂಡು ಹೋಗಿದ್ರು. ಅಲ್ಲಿ ಬೀಜ ಮರಳೊಳಗೆ ವರ್ಷಗಟ್ಟಲೆ ಸುಮ್ನೆ ಬಿದ್ದಿರತ್ತೆ, ನಾಕು ಹನಿ ಬಿತ್ತು ಅಂತ ಮೊಳೆಯಲ್ಲ, ಸಿಪ್ಪೆಲಿ ಮೊಳಕೆನ ತಡೆಯೋ ಅಂಶ ಇರತ್ತಲ್ಲ ಅದು ಪೂರ್ತಿ ತೊಳೆದು ಹೋಗೋವಷ್ಟು ಮಳೆ ಬೇಕು, ಆ ಚಳಿಗಾಲ ಅಂಥ ಮಳೆ ಆಗಿತ್ತು. ನೇರಳೆ ಬಣ್ಣದ ಸ್ಯಾಂಡ್ ವರ್ಬೀನಾ ನೆಲಕ್ಕೆ ಹಬ್ಬಿತ್ತು, ಎಲೆ ಕಾಂಡ ಎಲ್ಲಾ ಜಿಗುಟು, ಮೇಲೆ ಸಕ್ಕರೆ ಉದುರಿಸಿದ ಹಾಗೆ ಮರಳು ಅಂಟ್ಕೊಂಡಿತ್ತು. ಪಕ್ಕದಲ್ಲೇ ಬಿಳಿ ಪ್ರಿಮ್‌ರೋಸ್. ಅದು ಸಂಜೆ ಅರಳಿ ಮಾರನೇ ದಿನ ಬಿಸಿಲೇರ್ತಿದ್ದ ಹಾಗೆ ಗುಲಾಬಿ ಬಣ್ಣಕ್ಕೆ ತಿರುಗಿ ಬಾಡತ್ತೆ, ಹಾಗಾಗಿ ಕತ್ತಲಲ್ಲೇ ಎದ್ದು ಹೋಗಿದ್ವಿ. ಬಿಳಿ ಮರಳು ಕ್ಯಾಮೆರಾನ ಮೋಸ ಮಾಡತ್ತೆ, ಫೋಟೋ ಕಪ್ಪಾಗಿ ಬರತ್ತೆ, ಎಕ್ಸ್‌ಪೋಷರ್ ಒಂದು ಸ್ಟಾಪ್ ಜಾಸ್ತಿ, ಅಂದ್ರೆ ಕ್ಯಾಮೆರಾ ಒಳಗೆ ಎರಡರಷ್ಟು ಬೆಳಕು ಬಿಟ್ರೆ ಸರಿಹೋಗತ್ತೆ, ಆಮೇಲೆ ಬಿಸಿಲು ಮರಳಿಗೆ ಬಿದ್ದು ಕೆಳಗಿಂದ ದಳಕ್ಕೆ ಹೊಡೆಯೋ ಆ ಬೆಳಕು ಇದೆಯಲ್ಲ, ಬೆಳಕು ತಿರುಗಿಸೋ ಯಾವ ರಿಫ್ಲೆಕ್ಟರಿಂದನೂ ಬರಲ್ಲ ಮಾರಾಯ್ರೆ. ಇಷ್ಟೂ ಫೋಟೋನ ನೀರು ಹರಿದು ಒಣಗಿದ ಹಳ್ಳದಲ್ಲಿ, ಗಿಡ ಇಲ್ಲದ ಕಡೆ ಬೋರಲು ಮಲಗಿ, ದೂರದ್ದನ್ನ ಹತ್ರ ತೋರಿಸೋ ಟೆಲಿ ಲೆನ್ಸಲ್ಲಿ ತೆಗೆದಿದ್ದು. ಒಂದು ಗಿಡನೂ ತುಳೀಲಿಲ್ಲ.

ಅದೇ ತಿಂಗಳು ಅಲ್ಲೇ ಲೇಕ್ ಎಲ್ಸಿನೋರ್ ಹತ್ರ ವಾಕರ್ ಕ್ಯಾನಿಯನ್ ಅನ್ನೋ ಕಡೆ ‘ಪಾಪಿ’ (poppy) ಅನ್ನೋ ಕಾಡುಹೂ ಬಿಟ್ಟಿತ್ತು, ಫೋಟೋ ನೋಡಿದ ಜನ ಮುಗಿಬಿದ್ದು ಗುಡ್ಡದಲ್ಲಿ ತುಳಿದ ದಾರಿಗಳೇ ಎದ್ದು ಕಾಣ್ತಿದ್ವು, 2023ರಲ್ಲಿ ಮತ್ತೆ ಹೂ ಬಂದಾಗ ಯಾರನ್ನೂ ಬಿಡದೆ ಮುಚ್ಚೇಬಿಟ್ರು.

ನಮ್ಮೂರಲ್ಲಿ 2022ರಲ್ಲಿ ಏನಾಯ್ತು ನೋಡಿ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಕುರಿಂಜಿ ಬಿಟ್ಟಿತ್ತು, ನಾನೇ ನೋಡಿದೀನಿ, ರಸ್ತೆ ಪಕ್ಕ ಕಾರು ನಿಲ್ಸಿ ಇಳಿಜಾರಿಗೆ ಇಳಿದು ಗೊಂಚಲು ಗೊಂಚಲು ಮುರಿದು ತಲೆಗೆ ಮುಡ್ಕೊಂಡು ಸೆಲ್ಫಿ, ಆಮೇಲೆ ಆ ಗೊಂಚಲು ರಸ್ತೆ ಮೇಲೆ. ನೀಲಕುರಿಂಜಿ 12 ವರ್ಷಕ್ಕೆ ಒಂದ್ಸಲ ಹೂ ಬಿಟ್ಟು, ಬೀಜ ಉದುರಿಸಿ ಸತ್ತೇ ಹೋಗತ್ತೆ, ಅದಕ್ಕೆ ಇನ್ನೊಂದು ಅವಕಾಶ ಇಲ್ಲ. ಬೀಜ ಕಟ್ಟೋಕೆ ಮುಂಚೆನೇ ಮುರಿದ್ರೆ ಅದರ ವಂಶನೇ ಮುರಿದ ಹಾಗೆ. ಈಗಂತೂ ವನ್ಯಜೀವಿ ಕಾಯ್ದೆಯ ರಕ್ಷಿತ ಗಿಡಗಳ ಪಟ್ಟಿಲೂ ಸೇರಿದೆ.

ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ, ಹೂವಿನ ಮಧ್ಯೆ ನಿಂತು ಕೂತು ತೆಗೆದ ಫೋಟೋ ಎಷ್ಟೇ ಚೆನ್ನಾಗಿದ್ರೂ ಹಾಕ್ಬೇಡಿ, ಮುಂದಿನ ಸಲ ಕುರಿಂಜಿ ಬಿಟ್ಟಾಗ ಯಾವ ತಿರುವು ಯಾವ ಗುಡ್ಡ ಅಂತ ಗುರುತು ಹೇಳ್ಬೇಡಿ, ಗಿರಿ ಅಂದ್ರೆ ಸಾಕು. ಮರಳ ಹೂವಿನ ನಾಕು ಫೋಟೋ ಇದರ ಜೊತೆ ಕಳಿಸಿದೀನಿ, ಬೇಕಾದ್ರೆ ಬಳಸ್ಕೊಳ್ಳಿ, ದುಡ್ಡು ಬೇಡ, ಕೆಳಗೆ ‘ಗಿಡ ತುಳೀದೆ ತೆಗೆದದ್ದು’ ಅಂತ ಒಂದು ಸಾಲು ಹಾಕಿ.

– ಒಬ್ಬ ಸ್ಟುಡಿಯೋ ಫೋಟೋಗ್ರಾಫರ್, ಚಿಕ್ಕಮಗಳೂರು