ಚೆರೋಕಿ ರಾಷ್ಟ್ರಕ್ಕೆ ಸಲ್ಲಬೇಕಾದ ಆಸನ: ನಮ್ಮ ಕ್ಷೇತ್ರದ ಪ್ರತಿನಿಧಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ತಾವು ಉತ್ತರ ಜಾರ್ಜಿಯಾದ ನಮ್ಮ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದೀರಿ. ಅದೇ ಸಭೆಯಲ್ಲಿ, ಒಂದು ಕಾಲಕ್ಕೆ ಇದೇ ನೆಲದಲ್ಲಿದ್ದ ಮೂಲನಿವಾಸಿಗಳಾದ ಚೆರೋಕಿಗಳ ರಾಷ್ಟ್ರಕ್ಕೆ ಸಲ್ಲಬೇಕಾದ ಒಂದು ಆಸನ 1835ರ ಒಪ್ಪಂದದ ಕಾಲದಿಂದ ಬಾಕಿ ಉಳಿದಿದೆ. ಅದನ್ನು ಕೊಡಿಸುವ ಕೆಲಸವನ್ನು ತಾವು ಕೈಗೆತ್ತಿಕೊಳ್ಳಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಇದರ ಇಂಗ್ಲಿಷ್ ಪ್ರತಿ ತಮ್ಮ ಕಚೇರಿಗೆ ಬೇರೆಯಾಗಿ ತಲುಪಲಿದೆ. ಆಲ್ಫಾರೆಟ್ಟಾ, ಜಾನ್ಸ್ ಕ್ರೀಕ್, ಕಮ್ಮಿಂಗ್ ಕಡೆ ಮನೆ ಮಾಡಿಕೊಂಡು ಇಲ್ಲಿನ ಮತದಾರರಾಗಿರುವ ಕನ್ನಡಿಗರೂ ಈ ವಿಷಯ ತಿಳಿದು ತಮ್ಮನ್ನು ಕೇಳಲಿ ಎಂಬ ಉದ್ದೇಶದಿಂದ ಕನ್ನಡದಲ್ಲೂ ಪ್ರಕಟಿಸುತ್ತಿದ್ದೇನೆ.

1835ರ ಡಿಸೆಂಬರ್ 29ರಂದು ಜಾರ್ಜಿಯಾದಲ್ಲಿದ್ದ ಚೆರೋಕಿ ರಾಜಧಾನಿ ನ್ಯೂ ಎಕೋಟಾದಲ್ಲಿ ಸಹಿಯಾದ ಒಪ್ಪಂದದ ಏಳನೆಯ ವಿಧಿಯು, ಕಾಂಗ್ರೆಸ್ಸು ಅದಕ್ಕೆ ಏರ್ಪಾಡು ಮಾಡಿದಾಗ ಪ್ರತಿನಿಧಿ ಸಭೆಗೆ ತಮ್ಮದೊಬ್ಬ ಡೆಲಿಗೇಟನ್ನು, ಅಂದರೆ ತಮ್ಮ ಪರ ಮಾತಾಡುವ ಪ್ರತಿನಿಧಿಯನ್ನು, ಕಳುಹಿಸುವ ಹಕ್ಕು ಚೆರೋಕಿ ಜನರಿಗೆ ಇರುತ್ತದೆ ಎಂದು ಹೇಳುತ್ತದೆ. ಅದೇ ಒಪ್ಪಂದದ ಮೊದಲ ವಿಧಿಯಲ್ಲಿ ಮಿಸಿಸಿಪಿ ನದಿಯ ಪೂರ್ವಕ್ಕಿದ್ದ ಅವರ ಅಷ್ಟೂ ನೆಲವನ್ನು ಐವತ್ತು ಲಕ್ಷ ಡಾಲರಿಗೆ ಬರೆಸಿಕೊಳ್ಳಲಾಯಿತು. ನೆಲದ ವಿಧಿಯನ್ನು ಮೂರು ವರ್ಷ ತುಂಬುವುದರೊಳಗೆ ಸೈನ್ಯ ಕಳುಹಿಸಿ ಜಾರಿ ಮಾಡಿದರು. ಆಸನದ ವಿಧಿಗೆ ಮಾತ್ರ ಇನ್ನೂ ಮುಹೂರ್ತ ಕೂಡಿ ಬಂದಿಲ್ಲ.

ಆ ಒಪ್ಪಂದ ಹೇಗೆ ಹುಟ್ಟಿತು ಎಂಬುದನ್ನು ಸ್ವಲ್ಪ ವಿವರವಾಗಿ ನೆನಪಿಸುವುದು ಅಗತ್ಯ. ಚೆರೋಕಿಗಳು 1827ರಲ್ಲಿ ಲಿಖಿತ ಸಂವಿಧಾನವನ್ನು ಅಂಗೀಕರಿಸಿದ್ದರು. ಸಿಕ್ವೋಯಾ ಎಂಬಾತ ವರ್ಷಗಟ್ಟಲೆ ಕೂತು ರೂಪಿಸಿದ ಲಿಪಿಯಲ್ಲಿ ಅವರು ಓದು ಬರಹ ಕಲಿತರು, 1828ರಿಂದ ನ್ಯೂ ಎಕೋಟಾದಲ್ಲಿ ಸ್ವಂತ ಪತ್ರಿಕೆಯನ್ನೂ ಅಚ್ಚು ಹಾಕತೊಡಗಿದರು. ಅದೇ ಹೊತ್ತಿಗೆ ಉತ್ತರ ಜಾರ್ಜಿಯಾದ ಡಾಲೊನೆಗಾ ಸುತ್ತಮುತ್ತ ಚಿನ್ನ ಸಿಕ್ಕಿತು. ಹತ್ತಿ ಬೆಳೆಯುವ ನೆಲಕ್ಕಾಗಿ ಮೊದಲೇ ಹಾತೊರೆಯುತ್ತಿದ್ದ ಜಾರ್ಜಿಯಾ ಸರ್ಕಾರ, ಚೆರೋಕಿ ನೆಲಕ್ಕೆ ತನ್ನದೇ ಕಾನೂನು ಅನ್ವಯಿಸುತ್ತದೆ ಎಂದು ಸಾರಿತು. 1830ರಲ್ಲಿ ತಮ್ಮದೇ ಸಭೆ 102ಕ್ಕೆ 97 ಮತಗಳಿಂದ ಮೂಲನಿವಾಸಿಗಳನ್ನು ಮಿಸಿಸಿಪಿಯ ಪಶ್ಚಿಮಕ್ಕೆ ಸಾಗಿಸುವ ಮಸೂದೆಯನ್ನು ಅಂಗೀಕರಿಸಿತು. ವಿರೋಧವಾಗಿ ಮತ ಹಾಕಿದವರಲ್ಲಿ ಗಡಿನಾಡಿನ ವೀರನೆಂದೇ ಹೆಸರಾದ ಟೆನೆಸ್ಸಿಯ ಡೇವಿ ಕ್ರಾಕೆಟ್ ಕೂಡ ಇದ್ದ ಎಂಬುದನ್ನು ನಾನು ಗೌರವದಿಂದಲೇ ನೆನೆಯುತ್ತೇನೆ. 1832ರಲ್ಲಿ ಸುಪ್ರೀಂ ಕೋರ್ಟು, ಚೆರೋಕಿ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯುವುದಿಲ್ಲ ಎಂದು ಸ್ಪಷ್ಟವಾಗಿ ತೀರ್ಪು ಕೊಟ್ಟಿತು. ರಾಜ್ಯ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ, ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅದನ್ನು ಜಾರಿ ಮಾಡಲು ಮುಂದಾಗಲಿಲ್ಲ.

ತೀರ್ಪು ಬಂದ ಅದೇ ವರ್ಷ ರಾಜ್ಯವು ಚೆರೋಕಿ ನೆಲವನ್ನು ಅಳೆಸಿ, ಚಿನ್ನ ಸಿಗಬಹುದಾದ ಕಡೆ 40 ಎಕರೆಯ, ಉಳಿದ ಕಡೆ 160 ಎಕರೆಯ ತುಂಡುಗಳಾಗಿ ಸೀಳಿ ಲಾಟರಿಗೆ ಇಟ್ಟಿತು. ಅಂದಿನ ರಾಜಧಾನಿ ಮಿಲೆಜ್‌ವಿಲ್‌ನಲ್ಲಿ ಎರಡು ಡ್ರಮ್ಮುಗಳನ್ನಿಟ್ಟು ಒಂದರಿಂದ ಹೆಸರಿನ ಚೀಟಿ, ಇನ್ನೊಂದರಿಂದ ನೆಲದ ಚೀಟಿ ಎತ್ತಿದರು. ಆ ತುಂಡುಗಳ ಮೇಲೆ ಮನೆ ಕಟ್ಟಿಕೊಂಡು, ಹೊಲ ಉತ್ತು, ಹಣ್ಣಿನ ಮರ ಬೆಳೆಸಿಕೊಂಡಿದ್ದ ಜನ ಇನ್ನೂ ಅಲ್ಲೇ ಇದ್ದರು. ಚೆರೋಕಿಗಳ ಚುನಾಯಿತ ಮುಖ್ಯಸ್ಥ ಜಾನ್ ರಾಸ್ 1835ರಲ್ಲಿ ವಾಷಿಂಗ್ಟನ್ನಿನ ಮಾತುಕತೆ ಮುಗಿಸಿ ಊರಿಗೆ ಮರಳಿದಾಗ, ಈಗಿನ ರೋಮ್ ಪಟ್ಟಣದ ಬಳಿಯಿದ್ದ ಅವನ ಸ್ವಂತ ಮನೆಯಲ್ಲಿ ಲಾಟರಿ ಗೆದ್ದವನು ಬಂದು ಕೂತಿದ್ದ. ರಾಸ್ ತನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ರಾಜ್ಯದ ಗಡಿ ದಾಟಿ ಟೆನೆಸ್ಸಿಯ ಒಂದು ಮರದ ದಿಮ್ಮಿಯ ಗುಡಿಸಲು ಸೇರಬೇಕಾಯಿತು.

ಆ ಲಾಟರಿ ಇತಿಹಾಸದ ಪುಟ ಸೇರಿ ಮುಗಿದುಹೋದ ಸಂಗತಿ ಎಂದುಕೊಂಡವರು ತಮ್ಮ ಮನೆಯ ಕ್ರಯಪತ್ರವನ್ನು ಬಿಚ್ಚಿ ನೋಡಬೇಕು. ಫೋರ್ಸೈತ್ ಕೌಂಟಿಯಲ್ಲಿ ಮನೆ ಕೊಂಡವರ ಪತ್ರದಲ್ಲಿ ಆಸ್ತಿಯ ವಿವರ ಇಂಥ ಲ್ಯಾಂಡ್ ಲಾಟ್, ಇಂಥ ಡಿಸ್ಟ್ರಿಕ್ಟ್, ಇಂಥ ಸೆಕ್ಷನ್ ಎಂದೇ ಆರಂಭವಾಗುತ್ತದೆ. ಅದು 1832ರಲ್ಲಿ ಸರ್ವೆಯವರು ಸರಪಳಿ ಎಳೆದು ಹಾಕಿದ ಅದೇ ವಿಂಗಡಣೆ. ನನ್ನ ಮನೆಯ ಪತ್ರದಲ್ಲೂ ಅದಿದೆ, ತಮ್ಮ ಕ್ಷೇತ್ರದ ಅಸಂಖ್ಯ ಮತದಾರರ ಪತ್ರಗಳಲ್ಲೂ ಇದೆ. ನಾವು ಯಾರ ನೆಲವನ್ನೂ ಕಸಿದವರಲ್ಲ, ದುಡಿದು ಸಾಲ ಮಾಡಿ ಕೊಂಡವರು, ನಿಜ. ಆದರೆ ನಮ್ಮ ಹಕ್ಕುಪತ್ರದ ಸರಣಿಯನ್ನು ಹಿಂದಕ್ಕೆ ಹಿಡಿದು ಹೋದರೆ ಅದು ಆ ಎರಡು ಡ್ರಮ್ಮುಗಳಿಗೆ ಹೋಗಿ ನಿಲ್ಲುತ್ತದೆ. ಆ ಡ್ರಮ್ಮುಗಳು ಆಗಲೇ ಹಂಚಿಬಿಟ್ಟಿದ್ದ ನೆಲಕ್ಕೆ ಅಮೆರಿಕ ಸರ್ಕಾರದ ಮುದ್ರೆ ಬಿದ್ದದ್ದು ನ್ಯೂ ಎಕೋಟಾ ಒಪ್ಪಂದದಿಂದ. ಆ ಒಪ್ಪಂದದ ಫಲವನ್ನು ಉಣ್ಣುತ್ತಿರುವ ನಾವು ಅದರ ಏಳನೆಯ ವಿಧಿಯ ಬಗ್ಗೆ ಮಾತಾಡದೆ ಇರುವುದು ನ್ಯಾಯವಲ್ಲ.

ಒಪ್ಪಂದಕ್ಕೆ ಸಹಿ ಹಾಕಿದವರು ಚೆರೋಕಿ ಮುಖಂಡ ಮೇಜರ್ ರಿಜ್, ಚೆರೋಕಿ ಪತ್ರಿಕೆಯ ಮೊದಲ ಸಂಪಾದಕ ಇಲಯಾಸ್ ಬೂಡಿನಾಟ್ ಮೊದಲಾದ ಒಂದು ಸಣ್ಣ ಗುಂಪು. ಜನರ ಪರವಾಗಿ ಸಹಿ ಹಾಕುವ ಅಧಿಕಾರ ಅವರಿಗೆ ಇರಲಿಲ್ಲ. ಇದು ಒಪ್ಪಂದವೇ ಅಲ್ಲ ಎಂದು 15,000ಕ್ಕೂ ಹೆಚ್ಚು ಜನರ ಹೆಸರಿದ್ದ ಮನವಿಯನ್ನು ಹಿಡಿದು ರಾಸ್ ವಾಷಿಂಗ್ಟನ್ನಿಗೆ ಹೋದರೂ ಫಲ ಸಿಗಲಿಲ್ಲ. 1836ರ ಮೇ ತಿಂಗಳಲ್ಲಿ ಸೆನೆಟ್ಟು 31ಕ್ಕೆ 15 ಮತಗಳಿಂದ ಅದನ್ನು ಅನುಮೋದಿಸಿತು. ಒಬ್ಬನೇ ಒಬ್ಬ ಸೆನೆಟರ್ ಆಚೆ ಬದಿಗೆ ಸರಿದಿದ್ದರೂ ಮೂರನೇ ಎರಡರಷ್ಟು ಬಹುಮತ ಸಿಗದೆ ಒಪ್ಪಂದ ಬಿದ್ದುಹೋಗುತ್ತಿತ್ತು. 1838ರ ಮೇ ಕೊನೆಯಲ್ಲಿ ಜನರಲ್ ವಿನ್‌ಫೀಲ್ಡ್ ಸ್ಕಾಟನ ಸೈನಿಕರು ಮನೆಮನೆಗೆ ನುಗ್ಗಿ ಜನರನ್ನು ಕೋವಿಯ ಮುಂದೆ ನಡೆಸಿಕೊಂಡು ಹೋಗಿ ಬೇಲಿ ಹಾಕಿದ ಶಿಬಿರಗಳಲ್ಲಿ ಕೂಡಿದರು. ಹೊರಟ ಸುಮಾರು 16,000 ಮಂದಿಯಲ್ಲಿ ಶಿಬಿರದ ಬೇನೆ, ಚಳಿ, ಹಸಿವುಗಳಿಗೆ ಸುಮಾರು 4,000 ಮಂದಿ ಸತ್ತರು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ರಾಸನ ಹೆಂಡತಿ ಕ್ವಾಟಿ ಅರ್ಕನ್ಸಾದ ಲಿಟಲ್ ರಾಕ್ ಬಳಿ ದಾರಿಯಲ್ಲೇ ತೀರಿಕೊಂಡಳು.

ಮೋಸದಿಂದ ಹುಟ್ಟಿದ ಒಪ್ಪಂದವನ್ನು ಆಧಾರವಾಗಿ ಹಿಡಿಯುವುದು ಸರಿಯೇ ಎಂದು ಯಾರಾದರೂ ಕೇಳಿದರೆ, ನನ್ನ ಉತ್ತರ ಇಷ್ಟೇ: ಅದು ಸಿಂಧುವೆಂದು ನಿರ್ಧರಿಸಿದ್ದು ಅಮೆರಿಕ ಸರ್ಕಾರ, ನೆಲವನ್ನು ಅದೇ ಬಲದಿಂದ ಇಟ್ಟುಕೊಂಡಿರುವುದೂ ಅದೇ ಸರ್ಕಾರ. ಹಾಗಿರುವಾಗ ಅದೇ ಪತ್ರದಲ್ಲಿ ಬರೆದುಕೊಟ್ಟ ಹೊಣೆಯಿಂದ ನುಣುಚಿಕೊಳ್ಳಲು ಅದಕ್ಕೆ ದಾರಿ ಇಲ್ಲ.

2019ರಲ್ಲಿ ಚೆರೋಕಿ ರಾಷ್ಟ್ರದ ಮುಖ್ಯಸ್ಥ ಚಕ್ ಹಾಸ್ಕಿನ್ ಜೂನಿಯರ್ ಅವರು ಕಿಮ್ ಟೀಹೀ ಅವರನ್ನು ಡೆಲಿಗೇಟಾಗಿ ಹೆಸರಿಸಿದರು, ಅವರ ಮಂಡಳಿ ಒಪ್ಪಿತು. 2022ರ ನವೆಂಬರಿನಲ್ಲಿ ತಮ್ಮ ಸಭೆಯ ನಿಯಮ ಸಮಿತಿ ಈ ಬಗ್ಗೆ ಅಹವಾಲು ಕೇಳಿತು. ಆ ಅಹವಾಲಿನಿಂದ ಆಸನ ಮಾತ್ರ ಸಿಗಲಿಲ್ಲ. ಪಶ್ಚಿಮಕ್ಕೆ ಸಾಗಿಸಲ್ಪಟ್ಟವರ ವಂಶದವರಾಗಿ ಈಗ ಒಕ್ಲಹೋಮಾದಲ್ಲಿರುವ ಚೆರೋಕಿಗಳು ತಮ್ಮ ಜಿಲ್ಲೆಯ ಪ್ರತಿನಿಧಿಗೂ ಮತ ಹಾಕುವುದರಿಂದ ಅವರಿಗೆ ಎರಡು ಪ್ರಾತಿನಿಧ್ಯ ಸಿಕ್ಕಂತಾಗುತ್ತದೆ ಎಂಬ ಆಕ್ಷೇಪವಿದೆ. ಗುವಾಮ್, ಪೋರ್ಟೊರಿಕೊ, ವಾಷಿಂಗ್ಟನ್ ಡಿ.ಸಿ. ಮೊದಲಾದ ಆರು ಕಡೆಯ ಪ್ರತಿನಿಧಿಗಳಂತೆ ಈ ಡೆಲಿಗೇಟಿಗೂ ಮಸೂದೆಯ ಅಂತಿಮ ಮತದಾನದಲ್ಲಿ ಮತವಿರದು. ಸಮಿತಿಯಲ್ಲಿ ಕೂತು, ಮಸೂದೆ ಮಂಡಿಸಿ, ತಮ್ಮ ಜನರ ಮಾತು ಹೇಳುವ ಅವಕಾಶ ಸಿಗುತ್ತದೆ. ಅದು ಜಿಲ್ಲೆಯೊಂದರ ಜನಸಂಖ್ಯೆಗೆ ಸಿಗುವ ಸ್ಥಾನವೂ ಅಲ್ಲ, ಒಪ್ಪಂದ ಮಾಡಿಕೊಂಡ ಒಂದು ರಾಷ್ಟ್ರಕ್ಕೆ ಸಲ್ಲುವ ಸ್ಥಾನ. ಒಕ್ಲಹೋಮಾದ ಇನ್ನೊಂದು ಚೆರೋಕಿ ಪಂಗಡವಾದ ಯುನೈಟೆಡ್ ಕೀಟೂವಾ ಬ್ಯಾಂಡ್ ಕೂಡ ಇದೇ ಹಕ್ಕನ್ನು ಕೇಳುತ್ತಿರುವುದು ಗಂಭೀರ ಪ್ರಶ್ನೆ. ಅದನ್ನು ಎಲ್ಲರನ್ನೂ ಕರೆದು ಕೂರಿಸಿ ಬಗೆಹರಿಸಬೇಕೇ ಹೊರತು, ಯಾರಿಗೂ ಕೊಡದಿರಲು ನೆಪ ಮಾಡಬಾರದು. ಸಭೆಯ ಗೊತ್ತುವಳಿಯೊಂದೇ ಸಾಕೆಂಬುದು ಚೆರೋಕಿ ರಾಷ್ಟ್ರದ ವಾದ. ಕಾನೂನೇ ಬೇಕೆಂದು ತಜ್ಞರು ಹೇಳಿದರೂ ಆ ಕಾನೂನಿಗೆ ಚಾಲನೆ ಕೊಡುವ ಅಧಿಕಾರ ತಮ್ಮ ಸಭೆಗಿದೆ.

ಜಾರ್ಜಿಯಾ ಈ ದಿಕ್ಕಿನಲ್ಲಿ ತಡವಾಗಿಯಾದರೂ ಒಂದೆರಡು ಹೆಜ್ಜೆ ಇಟ್ಟಿದೆ. 1962ರಲ್ಲಿ ಚೆರೋಕಿ ವಿರೋಧಿ ಹಳೆಯ ಕಾನೂನುಗಳನ್ನು ರದ್ದು ಮಾಡಿತು. ಚೆರೋಕಿಗಳ ಪರ ನಿಂತದ್ದಕ್ಕೆ ಸೆರೆಮನೆ ಸೇರಿದ್ದ ಮಿಷನರಿ ಸ್ಯಾಮ್ಯುಯೆಲ್ ವೂಸ್ಟರ್‌ಗೆ 1992ರಲ್ಲಿ, ಅವನು ಸತ್ತು ನೂರಾ ಮೂವತ್ತಕ್ಕೂ ಹೆಚ್ಚು ವರ್ಷವಾದ ಮೇಲೆ, ಕ್ಷಮಾದಾನ ಕೊಟ್ಟಿತು. ಆ ಲಾಟರಿ ನಡೆಸಿದ ರಾಜ್ಯದಿಂದಲೇ ಆರಿಸಿ ಹೋದ ಸದಸ್ಯರೊಬ್ಬರು ಈ ಗೊತ್ತುವಳಿಯನ್ನು ಮಂಡಿಸಿದರೆ ಅದಕ್ಕೆ ಬರುವ ತೂಕ ಬೇರೆ ಯಾರು ಮಂಡಿಸಿದರೂ ಬರುವುದಿಲ್ಲ ಎಂದು ನಾನು ನಂಬುತ್ತೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಹೀಗಿದೆ. ಚೆರೋಕಿ ಡೆಲಿಗೇಟಿನ ಆಸನಕ್ಕೆ ತಾವು ಪರವೋ ವಿರೋಧವೋ ಎಂಬುದನ್ನು ಕಾರಣಸಹಿತ ಲಿಖಿತವಾಗಿ ತಿಳಿಸಿ. ಪರವಾಗಿದ್ದರೆ, ಹೊಸ ಸಭೆ ಸೇರಿ ತನ್ನ ನಿಯಮಗಳನ್ನು ಅಂಗೀಕರಿಸುವ ಜನವರಿಯ ಹೊತ್ತಿಗೆ ಆ ಆಸನವನ್ನು ನಿಯಮದಲ್ಲೇ ಸೇರಿಸುವ ತಿದ್ದುಪಡಿಯನ್ನು ಮಂಡಿಸಿ, ಅದನ್ನು ಮತಕ್ಕೆ ಹಾಕುವಂತೆ ತಮ್ಮ ಪಕ್ಷದ ನಾಯಕರನ್ನು ಒತ್ತಾಯಿಸಿ. ತಮ್ಮ ಉತ್ತರ ಏನೇ ಬಂದರೂ ಅದನ್ನು ಒಂದಕ್ಷರವೂ ಬಿಡದೆ ಕನ್ನಡಕ್ಕೆ ತಂದು ಇದೇ ಓದುಗರ ಮುಂದೆ ಇಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಫೋರ್ಸೈತ್ ಕೌಂಟಿಯ ಒಬ್ಬ ಕನ್ನಡಿಗ ಮತದಾರ