ಅಪ್ಪನಿಗೆ ಮಾತು ಕಲಿಸಿದ ನೆಂಟರಿಗೆ

ಮೊನ್ನೆ ಅಪ್ಪ ಹಾಲಿನವನ ಜೊತೆ ಜಗಳ ಆಡಿದರು. "ಹಾಲಲ್ಲ... ನೀರು" ಅಂತ ಎರಡೇ ಮಾತು. ಆದರೂ ಜಗಳ ಜಗಳವೇ ಅಲ್ವಾ? ಕಳೆದ ಏಪ್ರಿಲ್‌ನಲ್ಲಿ ಸ್ಟ್ರೋಕ್ ಆಗಿ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ನಿಂತುಹೋಗಿದ್ದ ಮನುಷ್ಯ ಇವರು. ಅದಕ್ಕೇ ಕುಂದಾಪುರ ಹತ್ತಿರದ ನಮ್ಮ ಮನೆಯಿಂದ, ಎಲ್ಲೆಲ್ಲೋ ಹರಡಿಕೊಂಡಿರುವ ನಿಮಗೆಲ್ಲ ಈ ಬರಹ. ದುಡ್ಡು ಕಳಿಸಿದವರಿಗೆ ಆಗಲೇ ಫೋನಿನಲ್ಲಿ ಹೇಳಿದ್ದೇನೆ. ಇಲ್ಲಿ ಹೇಳಬೇಕಾಗಿರುವುದು ನಿಮ್ಮ ನಿಮ್ಮ ಕಸುಬಿನ ಬಗ್ಗೆ. ಯಾರ ಹೆಸರೂ ಹಾಕುವುದಿಲ್ಲ, ಓದಿದರೆ ನಿಮಗೇ ಗೊತ್ತಾಗುತ್ತದೆ.

ಮೊದಲು ಮಸ್ಕತ್‌ನ ಅತ್ತಿಗೆ. ಅವತ್ತು ವಿಷು ಹಬ್ಬ ಹೇಗಾಯಿತು ಅಂತ ಕೇಳಲು ವಿಡಿಯೋ ಕಾಲ್ ಮಾಡಿದ್ದರು. ಅಪ್ಪನ ಬಾಯಿ ಒಂದು ಬದಿಗೆ ವಾಲಿದ್ದು ಕಂಡದ್ದು ಅವರಿಗೆ. ನಾವಿಲ್ಲಿ ಬಿಸಿಲಿನ ಸುಸ್ತು ಅಂದುಕೊಂಡಿದ್ದೆವು, ಅಮ್ಮ ಶರಬತ್ತು ಕಲಸುತ್ತಿದ್ದಳು. ನರ್ಸಿನ ದನಿ ಎಂದರೆ ಏನು ಅಂತ ಅವತ್ತು ಗೊತ್ತಾಯಿತು. "ಏನೂ ಕುಡಿಸಬೇಡಿ. ಮಾತ್ರೆ ಬೇಡ. ಎಷ್ಟು ಗಂಟೆಗೆ ಶುರುವಾಯಿತು, ಬರೆದಿಡಿ. ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೇ ಹೋಗಿ." ಗಂಟಲು ಸೋತಿದ್ದರೆ ಕುಡಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದಂತೆ. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆಯೋ ಸೋರುತ್ತಿದೆಯೋ ಅಂತ ಸ್ಕ್ಯಾನ್ ಮಾಡದೆ ಗೊತ್ತಾಗುವುದಿಲ್ಲ. ಹೆಪ್ಪುಗಟ್ಟಿದ್ದರೆ, ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು. ಅಪ್ಪನಿಗೆ ಅದು ಸಮಯಕ್ಕೆ ಸಿಕ್ಕಿತು. ಅತ್ತಿಗೇ, ಇದಕ್ಕಿಂತ ಜಾಸ್ತಿ ಏನು ಹೇಳಲಿ?

ನ್ಯೂಜೆರ್ಸಿಯ ತಂಗಿ ಸಾಫ್ಟ್‌ವೇರ್‌ನವಳು, ಆದರೆ ನಮಗೆ ಉಪಯೋಗಕ್ಕೆ ಬಂದದ್ದು ಅವಳ ಹಗಲು. ನಮಗೆ ನಡುರಾತ್ರಿ ಆದಾಗ ಅವಳಿಗೆ ಮಧ್ಯಾಹ್ನ. ಮೊದಲ ವಾರಗಳಲ್ಲಿ ಅಪ್ಪನ ಮಂಚದ ಎದುರು ಫೋನ್ ನಿಲ್ಲಿಸಿ ನಾವು ಮಲಗುತ್ತಿದ್ದೆವು. ಅಲ್ಲಿ ಕೆಲಸ ಮಾಡುತ್ತಲೇ ಅವಳು ನೋಡಿಕೊಂಡಳು, ಅಪ್ಪ ಏಳಲು ಹೊರಟರೆ ನನಗೆ ರಿಂಗ್.

ಮುಂಬೈಯ ಮಾಟುಂಗದಲ್ಲಿ ಹೋಟೆಲ್ ಇಟ್ಟಿರುವ ದೊಡ್ಡಪ್ಪನ ಮಗನಿಗೆ ಅಡುಗೆಮನೆಯ ಥ್ಯಾಂಕ್ಸ್. ನುಂಗಲು ಕಷ್ಟ ಇರುವವರಿಗೆ ನೀರಿಗಿಂತ ಸ್ವಲ್ಪ ಮಂದ ಇದ್ದದ್ದೇ ಸುಲಭ, ಆದರೆ ಎಷ್ಟು ಮಂದ ಅನ್ನುವುದರಲ್ಲಿ ಎಲ್ಲವೂ ಇದೆ. ಥೆರಪಿಸ್ಟ್ ತೋರಿಸಿಕೊಟ್ಟ ಹದವನ್ನು ಅಣ್ಣ ವಿಡಿಯೋದಲ್ಲಿ ನೋಡಿ, ರಾಗಿ ಅಂಬಲಿಗೆ, ಸಾರಿಗೆ, ಕಡೆಗೆ ಕಾಫಿಗೂ ಅಳತೆ ಬರೆದು ಕಳಿಸಿದ. ಮಂದ ಕಾಫಿ ಅಪ್ಪನಿಗೆ ಇಷ್ಟವಾಗಲಿಲ್ಲ. ಯಾರಿಗಾದರೂ ಹೇಗೆ ಇಷ್ಟವಾಗುತ್ತದೆ ಬಿಡಿ.

ಹಡಗಿನ ಇಂಜಿನಿಯರ್ ಭಾವ ರಜೆಯಲ್ಲಿ ಬಂದು, ಜಗಲಿಯಿಂದ ಬಚ್ಚಲವರೆಗೆ ಜಿಐ ಪೈಪಿನ ಹಿಡಿಕಂಬಿ ಹಾಕಿಕೊಟ್ಟ. ಹಡಗು ವಾಲುವಾಗ ಹಿಡಿದುಕೊಳ್ಳುವ ಎತ್ತರವೇ ಇಲ್ಲೂ ಸರಿ ಅಂದ. ಹುಬ್ಬಳ್ಳಿಯಲ್ಲಿ ಟೈಲರಿಂಗ್ ಮಾಡುವ ಚಿಕ್ಕಮ್ಮ ಅಂಗಿಯ ಗುಂಡಿ ಬಿಚ್ಚಿ ವೆಲ್ಕ್ರೋ ಹೊಲಿದರು, ಗುಂಡಿಗಳನ್ನು ಮಾತ್ರ ಚಂದಕ್ಕೆ ಮೇಲೆ ಕೂರಿಸಿದರು. ಒಂದೇ ಕೈಯಲ್ಲಿ ಅಂಗಿ ಹಾಕಿಕೊಂಡ ದಿನ ಅಪ್ಪ ಕನ್ನಡಿ ಮುಂದಿನಿಂದ ಕದಲಲಿಲ್ಲ. ವಿಮೆಯ ಕಾಗದಪತ್ರದ ಜಂಜಾಟ ಶಿವಮೊಗ್ಗದ ಮಾವನ ಪಾಲು. ಅವರು ನಿವೃತ್ತ ಗುಮಾಸ್ತರು, ಎದುರಿನವರಿಗೇ ಸಾಕಾಗುವಷ್ಟು ಪತ್ರ ಬರೆದರು.

ಈಗ ಮಾತಿನ ವಿಷಯ. ಅತ್ತೆಯ ಮಗಳು ಓದಿದ್ದು 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಅವಳು ಆ ಕೋರ್ಸಿಗೆ ಸೇರಿದಾಗ "ಮಾತಾಡಲಿಕ್ಕೂ ಕಾಲೇಜಾ?" ಅಂತ ನಗಾಡಿದವರು ನಮ್ಮ ಮನೆಯಲ್ಲೇ ಇದ್ದರು, ಅಪ್ಪನೂ ಸೇರಿ. ಅವಳು ಪುಣೆಯಿಂದ ಬಂದು ಮೊದಲು ಪಾಠ ಮಾಡಿದ್ದು ನಮಗೆ. ಅಪ್ಪನ ಬುದ್ಧಿಗೆ ಏನೂ ಆಗಿಲ್ಲ, ಮಗುವಿನ ಹತ್ತಿರ ಮಾತಾಡಿದ ಹಾಗೆ ಮಾತಾಡಬೇಡಿ. ಟಿವಿ ಆಫ್ ಮಾಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಇಂಥ ಕಾಯಿಲೆಯಲ್ಲಿ ಮಾತು ಹೊರಡದವರಿಗೂ ಎಷ್ಟೋ ಸಲ ಹಾಡು ಬರುತ್ತದೆ ಅಂತಲೂ ಅವಳೇ ಹೇಳಿದ್ದು. ಎಡಗೈಯನ್ನು ತಟ್ಟುತ್ತಾ, ಸಣ್ಣ ಸಣ್ಣ ಮಾತನ್ನು ರಾಗದಲ್ಲಿ ಹೇಳಿಸುವ ಚಿಕಿತ್ಸೆಯನ್ನು 1973ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರೂಪಿಸಿದ್ದರಂತೆ. ಎಲ್ಲರಿಗೂ ಹಿಡಿಸುತ್ತದೆ ಅಂತಿಲ್ಲ, ನೋಡೋಣ ಅಂದಳು.

ತಟ್ಟಲು ಬಂದವರು ಮದ್ದಳೆಯ ಚಿಕ್ಕಪ್ಪ. ಓದು ಬಿಟ್ಟು ಯಕ್ಷಗಾನ ಮೇಳ ಸೇರಿದವರು. ನಮ್ಮಲ್ಲಿ ಮದುವೆ ಮಾತುಕತೆಯಲ್ಲಿ ಅವರ ಕೆಲಸ ಏನು ಅಂತ ಕೇಳಿದರೆ ಎಲ್ಲರೂ ತಡವರಿಸುತ್ತಿದ್ದರು. ಮೇ ಕೊನೆಯಲ್ಲಿ ಪತ್ತನಾಜೆಗೆ ಮೇಳದ ತಿರುಗಾಟ ಮುಗಿದದ್ದೇ ತಡ, ನೇರ ನಮ್ಮ ಮನೆಗೆ ಬಂದರು. ಮಳೆಗಾಲ ಪೂರ್ತಿ ಇದ್ದರು. ಬೆಳಿಗ್ಗೆ ಅಪ್ಪನ ಎಡಗೈ ಹಿಡಿದು, ತೊಡೆಯ ಮೇಲೆ ಏಕತಾಳ ಹಾಕಿಸಿ ಸಭಾಲಕ್ಷಣದ, ಅಂದರೆ ಯಕ್ಷಗಾನದಲ್ಲಿ ಪ್ರಸಂಗಕ್ಕೆ ಮೊದಲು ನಡೆಯುವ ಪೂರ್ವರಂಗದ, ಗಣಪತಿ ಸ್ತುತಿ. ಅಪ್ಪ ಮೊದಲು ಬರೀ ಗುನುಗಿದರು. ಆಮೇಲೆ ಸಾಲಿನ ಕೊನೆಯ ಅಕ್ಷರ. ಆಷಾಢದ ಒಂದು ದಿನ ಇಡೀ ಸಾಲು ಬಂತು, ಅಮ್ಮ ಒಲೆಯ ಮೇಲಿನ ಹಾಲು ಮರೆತಳು. ಅಲ್ಲಿಂದ ಚಿಕ್ಕಪ್ಪ ಪದ್ಯ ಬಿಟ್ಟು ಅದೇ ತಾಳಕ್ಕೆ "ನೀ-ರು ಬೇ-ಕು", "ಸಾ-ಕು ಮಾ-ಡು" ಕೂರಿಸಿದರು. ಆ ಪಟ್ಟಿಯನ್ನು ಪುಣೆಯಿಂದ ಅವಳು ಪ್ರತಿ ವಾರ ತಿದ್ದುತ್ತಿದ್ದಳು. ಇಬ್ಬರೂ ಫೋನಿನಲ್ಲಿ ಜಗಳವನ್ನೂ ಆಡಿದರು: ಲಯ ನಿಧಾನ ಇರಲಿ ಅಂತ ಅವಳು, ಅಷ್ಟು ನಿಧಾನ ಆದರೆ ಪದ್ಯ ಬಿದ್ದುಹೋಗುತ್ತದೆ ಅಂತ ಇವರು. ಅವಳೇ ಗೆದ್ದಳು.

ಬಲಗೈ ಇನ್ನೂ ಪೂರ್ತಿ ಬಂದಿಲ್ಲ. ದೊಡ್ಡ ವಾಕ್ಯ ಕಷ್ಟ, ಹೆಸರುಗಳು ಅದಲುಬದಲಾಗುತ್ತವೆ. ಆದರೆ ನಿಮಗೆಲ್ಲ ತಾನೇ ಫೋನ್ ಮಾಡಿ ಮಾತಾಡುತ್ತೇನೆ ಅಂತ ಅಪ್ಪ ಹಟ ಹಿಡಿದಿದ್ದಾರೆ, ಪಟ್ಟಿ ಮಾಡಿಕೊಟ್ಟಿದ್ದೇನೆ. ಮೊದಲ ಹೆಸರು ಚಿಕ್ಕಪ್ಪನದು. ಈಗ ಅವರು ಮತ್ತೆ ತಿರುಗಾಟದಲ್ಲಿ, ರಾತ್ರಿ ಆಟ, ಹಗಲು ನಿದ್ದೆ, ಹಾಗಾಗಿ ಅವರ ಪಾಳಿ ಸಂಜೆ. ಉಳಿದವರು ಯಾವ ಹೊತ್ತಿಗೆ ಬಿಡುವು ಅಂತ ನನಗೆ ತಿಳಿಸಿ. ಫೋನ್ ಎತ್ತಿದ ಮೇಲೆ ಆ ಕಡೆ ಸದ್ದಿಲ್ಲ ಅಂತ ಕಟ್ ಮಾಡಬೇಡಿ, ಅಪ್ಪ ಮೊದಲು ತಾಳ ಹಿಡಿಯುತ್ತಿರುತ್ತಾರೆ. ನಡುವೆ ಪದ ಸಿಗದೆ ನಿಂತರೆ ನೀವು ತುಂಬಿಕೊಡಲೂ ಹೋಗಬೇಡಿ, ಅವರಿಗೆ ಸಿಟ್ಟು ಬರುತ್ತದೆ.