ಚರ್ಮದ ಸೋಂಕಿನ ಔಷಧಿ: ಯಾವ ಮಾತ್ರೆ ಯಾವುದಕ್ಕೆಂದು ಚೀಟಿಯಲ್ಲೇ ಬರೆಯಲಿ

ಮಾನ್ಯ ಸಂಪಾದಕರೇ,

ನನ್ನ ಅಣ್ಣನ ಎಡಗಾಲಿನ ಮೀನಖಂಡ ಒಂದೇ ರಾತ್ರಿಯಲ್ಲಿ ಕೆಂಪೇರಿ, ಬಿಗಿದುಕೊಂಡು, ಮುಟ್ಟಿದರೆ ಸುಡುವಂತೆ ಊದಿಕೊಂಡಿತ್ತು. ಪರೀಕ್ಷಿಸಿದ ವೈದ್ಯರು ಇದು ಸೆಲ್ಯುಲೈಟಿಸ್, ಅಂದರೆ ಚರ್ಮಕ್ಕೂ ಅದರ ಕೆಳಗಿನ ಮೃದು ಅಂಗಾಂಶಕ್ಕೂ ತಗುಲಿದ ಸೋಂಕು ಎಂದು ತಿಳಿಸಿ ನಾಲ್ಕು ಬಗೆಯ ಮಾತ್ರೆ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಜ್ವರ ಇಳಿಯಿತು, ನೋವೂ ತಗ್ಗಿತು. ಆದರೆ ಹೊಟ್ಟೆ ಕೆಟ್ಟು ಪದೇ ಪದೇ ಭೇದಿಯಾಗತೊಡಗಿದ್ದರಿಂದ, ಇಷ್ಟೊಂದು ಮಾತ್ರೆ ಏಕೆಂದು ಅಣ್ಣ ಉಳಿದವನ್ನೆಲ್ಲ ಬಿಟ್ಟು, ತನಗೆ ಗುಣ ಕೊಟ್ಟಿತೆಂದು ನಂಬಿದ್ದ ಒಂದನ್ನು ಮಾತ್ರ ಮುಂದುವರಿಸಿದ. ಮುಂದುವರಿಸಿದ್ದು ನೋವಿನ ಮಾತ್ರೆ, ಬಿಟ್ಟಿದ್ದು ಆ್ಯಂಟಿಬಯಾಟಿಕ್. ಆರನೆಯ ದಿನ ಕೆಂಪು ಮೊಣಕಾಲನ್ನು ದಾಟಿತು, ಅವನು ಆಸ್ಪತ್ರೆಗೆ ಸೇರಿ ರಕ್ತನಾಳದ ಮೂಲಕ ಔಷಧಿ ಪಡೆಯಬೇಕಾಯಿತು.

ಆ ಚೀಟಿಯನ್ನು ನಾನು ಆಮೇಲೆ ನೋಡಿದೆ. ನಾಲ್ಕು ಹೆಸರು, ಪ್ರತಿ ಹೆಸರಿನ ಮುಂದೆ 1-0-1 ಅಥವಾ 1-0-0, ಕೊನೆಗೆ ಒಂದು ಸಹಿ. ನಾಲ್ಕರಲ್ಲಿ ರೋಗಾಣುವನ್ನು ಕೊಲ್ಲುವುದು ಯಾವುದು, ನೋವನ್ನು ಮರೆಸುವುದು ಯಾವುದು, ನೋವಿನ ಮಾತ್ರೆಯಿಂದ ಹೊಟ್ಟೆಗೆ ತೊಂದರೆಯಾಗದಿರಲೆಂದು ಕೊಟ್ಟಿದ್ದು ಯಾವುದು ಎಂಬುದಕ್ಕೆ ಅದರಲ್ಲಿ ಒಂದಕ್ಷರದ ಸುಳಿವೂ ಇರಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಲೆಕ್ಕ ಅಣ್ಣನಿಗೆ ಚೆನ್ನಾಗಿಯೇ ಗೊತ್ತಿತ್ತು. ಯಾವುದನ್ನು ಎಂದಿಗೂ ತಾನಾಗಿ ಬಿಡಬಾರದು ಎಂಬುದು ಮಾತ್ರ ಗೊತ್ತಿರಲಿಲ್ಲ, ಏಕೆಂದರೆ ಅದನ್ನು ಯಾರೂ ಹೇಳಿರಲಿಲ್ಲ. ಇದನ್ನು ರೋಗಿಯ ಅಜಾಗರೂಕತೆ ಎಂದು ತಳ್ಳಿಹಾಕುವುದು ನನಗೆ ನ್ಯಾಯವೆನಿಸುವುದಿಲ್ಲ.

ಚರ್ಮದ ಸೋಂಕಿನಲ್ಲಿ ಈ ಗೊಂದಲ ಸುಲಭವಾಗಿ ಹುಟ್ಟುತ್ತದೆ. ಸೆಲ್ಯುಲೈಟಿಸ್‌ಗೆ ಬಹುಪಾಲು ಸ್ಟ್ರೆಪ್ಟೊಕಾಕಸ್, ಕೆಲವೊಮ್ಮೆ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಕಾರಣ. ಕಾಲ್ಬೆರಳ ಸಂದಿಯ ಬಿರುಕು, ಕೆರೆದು ಆದ ಗಾಯ, ಕೀಟ ಕಚ್ಚಿದ ಜಾಗ ಇವೇ ಅವುಗಳಿಗೆ ಒಳಬಾಗಿಲು. ಔಷಧಿ ಶುರುವಾದ ಮೇಲೆ ಮೊದಲು ಇಳಿಯುವುದು ಜ್ವರ ಮತ್ತು ನೋವು. ಕೆಂಪು ಮತ್ತು ಊತ ನಿಧಾನವಾಗಿ ಹಿಂದೆ ಸರಿಯುತ್ತವೆ, ಆ್ಯಂಟಿಬಯಾಟಿಕ್ ಸರಿಯಾಗಿ ಕೆಲಸ ಮಾಡುತ್ತಿದ್ದರೂ ಮೊದಲ ಒಂದೆರಡು ದಿನ ಕೆಂಪು ತುಸು ಹಬ್ಬಿದಂತೆಯೂ ಕಾಣಬಹುದು. ಹೀಗಾಗಿ ಕೆಲವರು ಎರಡನೆಯ ದಿನವೇ ಔಷಧಿ ತಾಗಲಿಲ್ಲವೆಂದು ಇನ್ನೊಂದಕ್ಕೆ ಓಡುತ್ತಾರೆ, ಇನ್ನು ಕೆಲವರು ಮೂರನೆಯ ದಿನ ಗುಣವಾಯಿತೆಂದು ನಿಲ್ಲಿಸಿಬಿಡುತ್ತಾರೆ. ಆಸ್ಪತ್ರೆಯಲ್ಲಿ ದಾದಿಯೊಬ್ಬರು ಬಾಲ್‌ಪೆನ್ನಿನಿಂದ ಅಣ್ಣನ ಕಾಲಿನ ಮೇಲೆ ಕೆಂಪಿನ ಅಂಚಿನುದ್ದಕ್ಕೂ ಒಂದು ಗೀಟು ಎಳೆದು, ಪಕ್ಕದಲ್ಲಿ ದಿನಾಂಕ ಮತ್ತು ಗಂಟೆ ಬರೆದರು. ಎರಡು ದಿನ ಕಳೆದ ಮೇಲೆ ಕೆಂಪು ಆ ಗೀಟಿನಿಂದ ಒಂದು ಬೆರಳಿನಷ್ಟು ಒಳಕ್ಕೆ ಸರಿದಿತ್ತು. ಅಲ್ಲಿಯವರೆಗೆ ಕಾಲಿನತ್ತ ನೋಡಲೇ ಹೆದರುತ್ತಿದ್ದ ಅಣ್ಣ ಅಂದಿನಿಂದ ದಿನವೂ ತಾನೇ ಗೀಟು ನೋಡಿ ಹೇಳತೊಡಗಿದ. ಇಷ್ಟು ಸರಳವಾದ ಉಪಾಯವನ್ನು ಮೊದಲ ದಿನವೇ ಮನೆಗೆ ಕಳಿಸುವಾಗ ಹೇಳಿಕೊಡಬಹುದಿತ್ತಲ್ಲವೇ ಎಂದು ನನಗೆ ಈಗಲೂ ಅನಿಸುತ್ತದೆ.

ಆ್ಯಂಟಿಬಯಾಟಿಕ್‌ಗಳೆಲ್ಲ ಒಂದೇ ಎಂಬ ಭಾವನೆಯೂ ಅಷ್ಟೇ ಅಪಾಯಕಾರಿ. ಸೆಫಲೆಕ್ಸಿನ್ ಸಾಮಾನ್ಯವಾಗಿ ಆರು ಗಂಟೆಗೊಮ್ಮೆ ತೆಗೆದುಕೊಳ್ಳುವ ಮಾತ್ರೆ, ಆದ್ದರಿಂದ ದಿನಕ್ಕೆ ನಾಲ್ಕರ ಬದಲು ಎರಡೇ ನುಂಗಿದರೆ ರಕ್ತದಲ್ಲಿ ಅದರ ಪ್ರಮಾಣ ಸಾಲದೇ ಹೋಗುತ್ತದೆ. ಕ್ಲಾಕ್ಸಾಸಿಲಿನ್ ಅನ್ನು ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ನಂತರ, ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲಾನಿಕ್ ಆಮ್ಲ ಸೇರಿದ ಮಾತ್ರೆ ಇದಕ್ಕೆ ತದ್ವಿರುದ್ಧ, ಊಟ ಶುರು ಮಾಡುವಾಗ ತೆಗೆದುಕೊಂಡರೆ ಹೊಟ್ಟೆಗೆ ತೊಂದರೆ ಕಡಿಮೆ. ಅಣ್ಣನಿಗೆ ಕೊಟ್ಟಿದ್ದು ಇದೇ ಮಾತ್ರೆ, ಅವನು ತೆಗೆದುಕೊಂಡಿದ್ದು ಬರಿ ಹೊಟ್ಟೆಯಲ್ಲಿ. ಡಾಕ್ಸಿಸೈಕ್ಲಿನ್ ಅನ್ನು ಒಂದು ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ ಕುಳಿತಿರಬೇಕು, ಇಲ್ಲದಿದ್ದರೆ ಅದು ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣು ಮಾಡೀತು. ಕಬ್ಬಿಣಾಂಶ, ಕ್ಯಾಲ್ಸಿಯಂ ಮತ್ತು ಆಮ್ಲಶಾಮಕಗಳ ಜೊತೆಗೆ ಅದನ್ನು ಸೇವಿಸಿದರೆ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ, ಬಿಸಿಲಿಗೆ ಚರ್ಮ ಬೇಗ ಕಂದುತ್ತದೆ, ಗರ್ಭಿಣಿಯರಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಕ್ಲಿಂಡಾಮೈಸಿನ್ ತೆಗೆದುಕೊಳ್ಳುವಾಗ, ಅಥವಾ ನಿಲ್ಲಿಸಿದ ಕೆಲವು ವಾರಗಳ ನಂತರವೂ, ನೀರಿನಂಥ ಭೇದಿ ಬಿಡದೆ ಆದರೆ ಅದನ್ನು ಸಾಮಾನ್ಯ ಹೊಟ್ಟೆಕೆಡುವಿಕೆ ಎಂದುಕೊಳ್ಳದೆ ವೈದ್ಯರಿಗೆ ತಿಳಿಸಬೇಕು. ಸಲ್ಫಾ ಅಂಶವಿರುವ ಕೋಟ್ರೈಮಾಕ್ಸಜೋಲ್‌ನಿಂದ ಮೈಮೇಲೆ ದದ್ದು ಎದ್ದರೆ ಆ ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ ತಕ್ಷಣ ತೋರಿಸಿಕೊಳ್ಳಬೇಕು.

ಪೆನಿಸಿಲಿನ್ ಗುಂಪಿಗೇ ಸೇರಿದ ಮೆಥಿಸಿಲಿನ್ ಎಂಬ ಔಷಧಿ ಬಳಕೆಗೆ ಬಂದ ಸ್ವಲ್ಪ ಕಾಲದಲ್ಲೇ, 1961ರಲ್ಲಿ, ಅದಕ್ಕೆ ಜಗ್ಗದ ಸ್ಟ್ಯಾಫಿಲೊಕಾಕಸ್ ಇಂಗ್ಲೆಂಡಿನಲ್ಲಿ ವರದಿಯಾಯಿತು. ಎಂಆರ್‌ಎಸ್‌ಎ ಎಂದು ಕರೆಯುವ ಆ ರೋಗಾಣುವಿನ ಸಂಶಯವಿದ್ದಾಗ ಪೆನಿಸಿಲಿನ್ ಗುಂಪಿನ ಮಾಮೂಲಿ ಮಾತ್ರೆಗಳು ಸಾಲವು, ಮೇಲೆ ಹೇಳಿದ ಕೊನೆಯ ಮೂರರಲ್ಲಿ ಒಂದನ್ನೋ ಬೇರೆಯದನ್ನೋ ವೈದ್ಯರು ಆರಿಸಬೇಕಾಗುತ್ತದೆ. ಕಳೆದ ವರ್ಷದ ಶೀಟಿನಲ್ಲಿ ಉಳಿದಿದ್ದ ನಾಲ್ಕು ಮಾತ್ರೆಗಳನ್ನು ಈ ವರ್ಷದ ಕುರುವಿಗೆ ನುಂಗಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಕುರುವಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಕೀವು ತುಂಬಿದ ಗಡ್ಡೆಯೊಳಕ್ಕೆ ಮಾತ್ರೆಯ ಔಷಧಿ ಸರಿಯಾಗಿ ತಲುಪುವುದಿಲ್ಲವಾದ್ದರಿಂದ, ವೈದ್ಯರು ಅದನ್ನು ಸೀಳಿ ಕೀವು ತೆಗೆಯುವುದೇ ಮುಖ್ಯ ಚಿಕಿತ್ಸೆ. ಚಿಕ್ಕ ಕುರುವಿಗೆ ಅಷ್ಟೇ ಸಾಕಾಗುವುದೂ ಉಂಟು. ಮನೆಯಲ್ಲಿ ಹಿಸುಕಿದರೆ ಸೋಂಕು ಒಳಕ್ಕೆ ಹರಡೀತು. ಇನ್ನು ಮುಲಾಮು. ಮ್ಯುಪಿರೋಸಿನ್‌ನಂಥ ಆ್ಯಂಟಿಬಯಾಟಿಕ್ ಮುಲಾಮು ಮೇಲ್ಪದರದ ಚಿಕ್ಕ ಸೋಂಕಿಗೆ ಸಲ್ಲುತ್ತದೆ, ಆಳದ ಸೆಲ್ಯುಲೈಟಿಸ್‌ಗೆ ಅಲ್ಲ. ಹುಳುಕಡ್ಡಿಗೆ ಸ್ಟೀರಾಯ್ಡ್ ಬೆರೆತ ಮುಲಾಮುಗಳನ್ನು ಅಂಗಡಿಯಲ್ಲಿ ಕೇಳಿ ತಂದು ಹಚ್ಚಿಕೊಳ್ಳುವವರ ಬಗ್ಗೆ ನನಗೆ ನಿಜವಾಗಿ ಆತಂಕವಿದೆ, ಏಕೆಂದರೆ ತುರಿಕೆ ಮತ್ತು ಕೆಂಪು ಎರಡು ದಿನದಲ್ಲಿ ಮಾಯವಾಗುತ್ತವೆ, ಒಳಗಿನ ಹುಳುಕಡ್ಡಿ ಮಾತ್ರ ಸದ್ದಿಲ್ಲದೆ ಅಗಲವಾಗುತ್ತಾ ಹೋಗುತ್ತದೆ.

ಎಷ್ಟು ದಿನ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ತೊಡಕಿಲ್ಲದ ಸೆಲ್ಯುಲೈಟಿಸ್‌ಗೆ ಗುಣ ಕಾಣುತ್ತಿದ್ದರೆ 5 ದಿನ ಸಾಕೆಂದು ಈಗಿನ ಮಾರ್ಗಸೂಚಿಗಳು ಹೇಳುತ್ತವೆ, ಸಕ್ಕರೆ ಕಾಯಿಲೆ ಇದ್ದವರಿಗೆ ಅಥವಾ ಸೋಂಕು ತೀವ್ರವಾಗಿದ್ದರೆ ಹೆಚ್ಚು ದಿನ ಬೇಕಾದೀತು. ದಿನಗಳನ್ನು ಕಡಿಮೆ ಮಾಡುವುದಾದರೂ ಹೆಚ್ಚಿಸುವುದಾದರೂ ಅದನ್ನು ಬರೆದವರನ್ನು ಕೇಳಿಯೇ ಆಗಬೇಕು. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ತೆಗೆದುಕೊಳ್ಳುವುದು, ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡುವುದು, ಎರಡನ್ನು ಒಟ್ಟಿಗೆ ನುಂಗದಿರುವುದು. ಊದಿದ ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಟ್ಟುಕೊಳ್ಳುವುದೂ ಚಿಕಿತ್ಸೆಯ ಭಾಗವೇ, ಅದನ್ನು ಯಾವ ಚೀಟಿಯಲ್ಲೂ ನಾನು ಕಂಡಿಲ್ಲ.

ಕಾಯಬಾರದ ಲಕ್ಷಣಗಳೂ ಇವೆ. ಮೇಲೆ ಕಾಣುವ ಕೆಂಪಿಗೆ ಹೋಲಿಸಿದರೆ ತೀರಾ ಹೆಚ್ಚೆನಿಸುವ ನೋವು, ಚರ್ಮ ನೇರಳೆ ಅಥವಾ ಕಪ್ಪಾಗುವುದು, ನೀರುಗುಳ್ಳೆ ಏಳುವುದು, ಒತ್ತಿದರೆ ಒಳಗೆ ಗಾಳಿ ಸೇರಿದಂತೆ ಚರಚರ ಎನ್ನುವುದು, ಗಂಟೆಗಂಟೆಗೂ ಕೆಂಪು ಹಬ್ಬುವುದು, ಚಳಿಜ್ವರದೊಂದಿಗೆ ಮಾತು ತಡವರಿಸುವುದು ಕಂಡರೆ, ಅದು ಮಾಂಸಪೊರೆಯನ್ನು ಕೊಳೆಸುವ ಸೋಂಕಾಗಿರಬಹುದು. ಆಗ ಮಾತ್ರೆಯ ಮುಂದಿನ ಹೊತ್ತಿಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಕಣ್ಣಿನ ಸುತ್ತ ಊತ ಬಂದು ಕಣ್ಣು ಹೊರಳಿಸಲು ನೋವಾದರೂ ಹಾಗೆಯೇ. ಮಾತ್ರೆ ನುಂಗಿದ ಮೇಲೆ ತುಟಿ, ಮುಖ ಊದಿ ಉಸಿರು ಕಟ್ಟಿದರೆ ಅದು ಅಲರ್ಜಿ, ಒಂದು ನಿಮಿಷವೂ ತಡಮಾಡುವಂತಿಲ್ಲ.

ವೈದ್ಯರಿಗೆ ಸಮಯ ಸಾಲದು ಎಂಬ ಮಾತನ್ನು ನಾನು ಒಪ್ಪುತ್ತೇನೆ. ಆದರೆ ನಾನು ಕೇಳುತ್ತಿರುವುದು ದೀರ್ಘ ವಿವರಣೆಯನ್ನಲ್ಲ. ಅಣ್ಣ ಆಸ್ಪತ್ರೆಯಿಂದ ಮನೆಗೆ ಹೊರಟ ದಿನ ಅಲ್ಲಿನ ಕಿರಿಯ ವೈದ್ಯೆಯೊಬ್ಬರು ಪ್ರತಿ ಔಷಧಿಯ ಪಕ್ಕದಲ್ಲಿ ಅವನು ಓದಬಲ್ಲ ಅಕ್ಷರಗಳಲ್ಲಿ 'ಸೋಂಕಿಗೆ, 7 ದಿನ, ಬಿಡಬೇಡಿ, ಊಟದ ಜೊತೆ', 'ನೋವಿಗೆ, ಬೇಕಾದಾಗ ಮಾತ್ರ' ಎಂದು ಬರೆದು, ಕೆಳಗೆ 'ಕೆಂಪು ಗೀಟು ದಾಟಿದರೆ ಅಂದೇ ಬನ್ನಿ' ಎಂದು ಸೇರಿಸಿದರು. ಅವರಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ಎಲ್ಲ ವೈದ್ಯರೂ ಇಷ್ಟನ್ನು ಬರೆದುಕೊಡಬೇಕು, ಅವರು ಬರೆಯದಿದ್ದಲ್ಲಿ ಔಷಧಿ ಅಂಗಡಿಯವರು ಕವರಿನ ಮೇಲಾದರೂ ಬರೆಯಬೇಕು, ಇಬ್ಬರೂ ಬರೆಯದಿದ್ದರೆ ರೋಗಿಯ ಜೊತೆಗೆ ಹೋದವರು ಪೆನ್ನು ಮುಂದೆ ಹಿಡಿದು ಬರೆಸಿಕೊಳ್ಳಬೇಕು ಎಂಬುದು ನನ್ನ ಕಳಕಳಿಯ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ